ಅಕ್ಕಿ ಡಬ್ಬಿಯ ಕೀ

ಜೂನ್ ೯, ಬೆಳಗ್ಗೆ

ಮತ್ತೆ ಕೀ ಗಲಾಟೆ. ಹಾಸಿಗೆ ಬಿಟ್ಟು ಏಳುವ ಮೊದಲೇ ಶುರು. "ನನ್ನ ಕಾರಿನ ಕೀ ಬಚ್ಚಿಡೋಕೆ ನೀನ್ಯಾರೇ?" ಹೆಂಡತಿ ಎನ್ನುವುದಾದರೂ ನೆನಪಿದ್ದರೆ ಸರಿ... ಊರಿಗೆಲ್ಲ ಡ್ರೈವಿಂಗ್ ಕಲಿಸಿದವರು ಇವರು. ಹೋದ ವಾರ ಬ್ರೇಕ್ ಯಾವುದೆಂದೇ ಮರೆತರು. ಎದುರಿನ ಶಾಲೆಯ ಮಗುವೊಂದು ಸ್ವಲ್ಪದರಲ್ಲಿ ಉಳಿಯಿತು. ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದಾರೆ — ಇನ್ನು ಕಾರು ಓಡಿಸುವ ಹಾಗಿಲ್ಲ.

ಜೂನ್ ೧೧

ಮಧ್ಯಾಹ್ನದಿಂದ ಇವರು ನಾಪತ್ತೆ. ಕೀ ಸಿಗಲಿಲ್ಲವೆಂದು ಬೀದಿಗೆ ಇಳಿದಿದ್ದರು. ಸಂಜೆ ಸಿಕ್ಕರು, ಯಾರದೋ ಕಾರಿನ ಬಾಗಿಲು ಎಳೆಯುತ್ತಾ. ಒಂದು ಕಾಲಲ್ಲಿ ಚಪ್ಪಲಿಯಿಲ್ಲ. "ಕಾರು ಮಾರಿಬಿಡಮ್ಮ" ಎಂದಳು ಮಗಳು, ಫೋನಿನಲ್ಲಿ. ಮಾರಿ? ಇವರನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗಲೇ? ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತೆ.

ಜೂನ್ ೧೪

ಕೀ ಮಾಡುವವನ ಅಂಗಡಿಗೆ ಹೋದೆ. ಸ್ಪೇರ್ ಬೇಕು ಎಂದೆ.

"ಕಟ್ ಮಾಡಿ, ಚಿಪ್ ಹಾಕಿ, ಗಾಡಿಗೆ ಪ್ರೋಗ್ರಾಮ್ ಮಾಡ್ಬೇಕು. ಇಲ್ದಿದ್ರೆ ಬಾಗಿಲೇನೋ ತೆಗೆಯುತ್ತೆ, ಸ್ಟಾರ್ಟ್ ಆಗಲ್ಲ."

"ಚಿಪ್ ಬೇಡ. ಹಾಗೇ ಕೊಡಿ."

"ಸ್ಟಾರ್ಟ್ ಆಗದ ಕೀ ಇಟ್ಕೊಂಡು ಏನ್ಮಾಡ್ತೀರಮ್ಮ?"

ನಕ್ಕು ದುಡ್ಡು ಎಣಿಸಿಕೊಟ್ಟೆ.

ಅದಕ್ಕೂ ಇವರ ಡ್ರೈವಿಂಗ್ ಸ್ಕೂಲಿನದೇ ಕೀಚೈನ್ ಹಾಕಿದೆ. ನನ್ನ ಗುರುತಿಗೆ ಹಿಂದೆ ನೇಲ್ ಪಾಲಿಶ್‌ನ ಕೆಂಪು ಚುಕ್ಕೆ. ಅಸಲಿ ಕೀ ಅಕ್ಕಿ ಡಬ್ಬಿಗೆ. ಇದು ಬಾಗಿಲ ಪಕ್ಕದ ಮೊಳೆಗೆ.

ಜೂನ್ ೧೫

ಮೊಳೆಯಲ್ಲಿ ಕೀ ಕಂಡು ಮಗುವಿನ ಹಾಗೆ ನಕ್ಕರು. ಬೆಲ್ಟ್ ಹಾಕಿ, ಕನ್ನಡಿ ಸರಿಮಾಡಿ, ಕೀ ತಿರುಗಿಸಿದರು. ದೀಪ ಹತ್ತಿತು. ಎಂಜಿನ್ ತೆಪ್ಪಗಿತ್ತು. "ಬ್ಯಾಟರಿ ವೀಕ್ ಆಗಿದೆ ಕಣೇ. ನಾಳೆ ಮೆಕ್ಯಾನಿಕ್‌ನ ಕರೆಸ್ತೀನಿ." ಇವರ ಕಣ್ಣಿಗೇ ಮಣ್ಣೆರಚಿದೆ. ನಾಚಿಕೆಯಾಗುತ್ತದೆ. ಆದರೂ ಮನೆಯಲ್ಲೇ ಇದ್ದಾರಲ್ಲ.

ಜುಲೈ ೨೦

ದಿನಾ ಅದೇ. ನಾಳೆ ಮೆಕ್ಯಾನಿಕ್. ಇವತ್ತು ನನ್ನನ್ನು ಸ್ಟಿಯರಿಂಗ್ ಮುಂದೆ ಕೂರಿಸಿ, "ಕ್ಲಚ್ ನಿಧಾನಕ್ಕೆ ಬಿಡಮ್ಮ, ಹೆದರಬೇಡ" ಎಂದು ಪಾಠ ಮಾಡಿದರು. ನಾನು ಯಾರೋ ಹೊಸ ವಿದ್ಯಾರ್ಥಿನಿ. ಎಷ್ಟು ದಿನ ಹೀಗೆ? ನನ್ನಿಂದ ಆಗುತ್ತಿಲ್ಲ. ನಿದ್ದೆಯಿಲ್ಲ, ತಲೆ ಓಡುವುದಿಲ್ಲ. ಹಾಲು ಒಲೆಯ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದೆ. ಪಾತ್ರೆ ಸೀದು ಕರಕಲು.

ಜುಲೈ ೨೨, ಮಧ್ಯಾಹ್ನ

ಇವರು ಮಲಗಿದ್ದಾಗ ಕಾರಿನಲ್ಲಿ ಹೋಗಿ ಮಾತ್ರೆ ತಂದೆ. ಮೊಳೆಯಲ್ಲಿ ಕೀ ಇದ್ದು ಹೊರಗೆ ಕಾರಿಲ್ಲದಿದ್ದರೆ ರಂಪ, ಅದಕ್ಕೇ ಎರಡು ಕೀಯನ್ನೂ ಪರ್ಸಿಗೆ ಹಾಕಿಕೊಂಡಿದ್ದೆ. ಒಳಗೆ ಕಾಲಿಡುವಾಗಲೇ ಮಗಳ ಫೋನು. ಮಾತಾಡುತ್ತಲೇ ಒಂದನ್ನು ಮೊಳೆಗೆ, ಇನ್ನೊಂದನ್ನು ಡಬ್ಬಿಗೆ ಹಾಕಿದೆ.

ಇವರು ಈಗಷ್ಟೇ ಎದ್ದು ಕೀ ತೆಗೆದುಕೊಂಡು ಕಾರಿಗೆ ಹೋದರು. ನನಗೂ ಸ್ವಲ್ಪ ಬಿಡುವು. ಬರೆಯುತ್ತಾ ಅಕ್ಕಿ ಆರಿಸೋಣವೆಂದು ಡಬ್ಬಿ ಮೇಜಿಗೇ ತಂದಿದ್ದೇನೆ. ಶಾಲೆ ಬಿಡುವ ಗಂಟೆ ಹೊಡೆಯಿತು. ಬೀದಿ ತುಂಬ ಮಕ್ಕಳ ಕೇಕೆ.

ಕೀ ಕೈಗೆ ಸಿಕ್ಕಿತು. ಹಿಂದೆ ಕೆಂಪು ಚುಕ್ಕೆ.

ಮರೆವು ಇವರದ್ದು ಅಂದುಕೊಂಡಿದ್ದೆ... ಇದು ಇಲ್ಲಿದ್ದರೆ, ಅಲ್ಲಿ ಇವರ ಕೈಯಲ್ಲಿ —