ಮಾದೇವಕ್ಕ ಓಗೊಟ್ಟಿದ್ದು

ಕಾಸರಕೋಡ, ಹೊನ್ನಾವರ

ಸ್ಕ್ಯಾನಿಂಗ್ ಕೋಣೆಯ ತಂಗಿ ದಿವ್ಯಶ್ರೀಗೆ,

ನನ್ನ ಹೃದಯದ ಚಿತ್ರ ಮಸುಕಾಗಿದ್ದಕ್ಕೆ ಮಷಿನ್ನನ್ನು ಬೈಯಬೇಡ. "ಉಸಿರು ಹಿಡ್ಕಳಿ, ಮಾದೇವಕ್ಕ" ಎಂದು ನಿನ್ನ ದನಿ ಕೇಳಿದಾಗಲೆಲ್ಲ ನಾನು ಮಷಿನ್ನಿನ ಒಳಗಿನಿಂದ "ಆತು ತಂಗಿ" ಎನ್ನುತ್ತಿದ್ದೆ. ಮಾತಾಡಿದರೆ ಉಸಿರು ಹೊರಟು, ಎದೆ ಅಲುಗಿ ಚಿತ್ರ ಕೆಡುತ್ತದೆ ಎಂದು ಡಾಕ್ಟರು ಹೇಳಿದ ಮೇಲೆಯೇ ತಿಳಿಯಿತು.

ಕರೆದವರಿಗೆ ಓಗೊಡದೆ ಇರಲು ನನಗೆ ಬರುವುದಿಲ್ಲ. ನಮ್ಮ ಯಜಮಾನರು ತೀರಿಹೋದ ಮೇಲೆ ಮನೆಯಲ್ಲಿ ಕರೆಯುವವರಿಲ್ಲ. ನಾನು ಮೀನು ಮಾರುವ ಪೇಟೆಯಲ್ಲಿ "ಬಂಗಡೆ ಹೆಂಗೆ?" ಎಂದಷ್ಟೇ ಕೇಳುತ್ತಾರೆ.

ಸೋಮವಾರ ಮತ್ತೆ ಸ್ಕ್ಯಾನಿಂಗ್ ಇದೆಯಂತೆ. ಬೆಳಗಿನ ಬಸ್ಸಿಗೇ ಬರುತ್ತೇನೆ. ನೀನೇ ಇರು. ಈ ಸಲ ನಾನು ಬಾಯಿ ಬಿಡುವುದಿಲ್ಲ. ನೀನು ಮಾತ್ರ ಹೆಸರು ಹಿಡಿದು ಕರೆಯುವುದನ್ನು ಬಿಡಬೇಡ.

ಇಂತಿ,
ಮಾದೇವಿ ಹರಿಕಾಂತ