ಕಿಟಕಿಗೆ ಅಡ್ಡ ನಿಂತ ಜಪಾನಿನವನು

ಸರ್ವೋತ್ತಮ ಧನಿಗಳಿಗೆ ನಮಸ್ಕಾರ.

ಬಾಯಲ್ಲಿ ಹೇಳಿದರೆ ನನ್ನ ದನಿ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಲವತ್ತು ವರ್ಷ ಬರೀ ಶ್ಯಾವಿಗೆ ಮಾಡಿದ ಜಪಾನಿನ ಅಜ್ಜನ ವಿಡಿಯೋ ನೋಡಿ ನಿಮ್ಮ ಮಗಳು ಮಾನಸಿಗೆ ಸ್ಫೂರ್ತಿ ಬಂತಂತೆ. ಅವನ ಚಿತ್ರ ಬಿಡಿಸಿ, ನಮ್ಮ ಡೊಂಬಿವಲಿ ಹೋಟೆಲಿನಲ್ಲಿ ನನ್ನ ಕಾವಲಿಯ ಎದುರಿನ ಕಿಟಕಿಗೇ ಅಡ್ಡ ತೂಗುಹಾಕಿದ್ದಾಳೆ. ಇಪ್ಪತ್ತಾರು ವರ್ಷ ಆ ಕಿಟಕಿಯಲ್ಲಿ ಗಿರಾಕಿಯ ಮೊದಲ ತುತ್ತು ನೋಡಿಯೇ ನಾನು ಮುಂದಿನ ದೋಸೆ ಹೊಯ್ದದ್ದು. ಹೊಟ್ಟೆಕಿಚ್ಚು ಅಂದುಕೊಂಡರೂ ಸರಿ, ಅವನನ್ನು ಬೇರೆ ಗೋಡೆಗೆ ಕಳಿಸಿ.

ಅವನ ಹೆಬ್ಬೆರಳಿನ ಗಾಯದ ಕಲೆಯನ್ನೂ ಮಾನಸಿ ಬಿಟ್ಟಿಲ್ಲ. ಚಿಕ್ಕಂದಿನಲ್ಲಿ ಇದೇ ಕಿಟಕಿಯಲ್ಲಿ ತಲೆ ಹಾಕಿ ದೋಸೆ ಕೇಳುತ್ತಿದ್ದವಳು. ನಾನು ಹೊಯ್ಯುವುದು ಎಡಗೈಯಲ್ಲೋ ಬಲಗೈಯಲ್ಲೋ, ಅವಳನ್ನೊಮ್ಮೆ ಕೇಳಿ ನೋಡಿ.

ಇತಿ, ಚಿತ್ರದ ಹಿಂದಿರುವ
ವಾದಿರಾಜ ಭಟ್ಟ