ಪೆಕನ್ ಬೀದಿಯ ಮನೆಗೆ ಎತ್ತಿದ ಕೈ

ಸೆಲ್ಮಾ, ಅಲಬಾಮಾ
ಅಕ್ಟೋಬರ್ 12, ಭಾನುವಾರ, ಚರ್ಚಿನಿಂದ ಬಂದ ಮೇಲೆ

ನನ್ನ ಬಂಗಾರದ ಲವೆಲ್,

ಹೇಗಿದ್ದೀಯ ಮಗನೇ? ಕೈ ನಡುಕ ಕಡಿಮೆಯಾಯಿತೇ? ಹೊಸ ಮಾತ್ರೆಯಿಂದ ಬಾಯಿ ಒಣಗುತ್ತದೆ ಎಂದಿದ್ದೆ. ನೀರು ಕುಡಿಯುತ್ತಿರು, ಆದರೆ ಮಾತ್ರೆ ಬಿಡಬೇಡ. ಆಸ್ಪತ್ರೆಯ ಊಟ ಸಪ್ಪೆಯೆಂದು ತಟ್ಟೆ ತಳ್ಳಬೇಡ. ನಾನು ಯೇಸುವಿನ ದಯೆಯಿಂದ ಓಡಾಡಿಕೊಂಡಿದ್ದೇನೆ. ವೃದ್ಧಾಶ್ರಮದ ಕೆಲಸ ಮುಗಿಸಿ ಬಂದ ದಿನ ಮಾತ್ರ ಮಂಡಿ ನನ್ನ ಮಾತು ಕೇಳುವುದಿಲ್ಲ. ಮೊಣಕಾಲೂರಿ ಪ್ರಾರ್ಥಿಸಲು ಆಗದೆ ಮಂಚದ ಅಂಚಿನಲ್ಲಿ ಕೂತೇ ನಿನ್ನ ಹೆಸರು ಹೇಳುತ್ತೇನೆ. ಕೂತು ಹೇಳಿದರೂ ದೇವರಿಗೆ ಕೇಳಿಸುತ್ತದೆ.

ಹೊರಗೆ ಇರಲು ಒಂದು ಜಾಗ ಸಿಕ್ಕರೆ ನಿನ್ನನ್ನು ಕಳಿಸುತ್ತೇವೆಂದು ಡಾಕ್ಟರು ಬೇಸಿಗೆಯಲ್ಲೇ ಹೇಳಿದ್ದರು. ನನ್ನ ಮನೆಗೆ ಕರೆತರೋಣವೆಂದರೆ ಸರ್ಕಾರಿ ವಸತಿ ಕಚೇರಿಯವರು ಒಪ್ಪುವುದಿಲ್ಲ. ಕಾಯಿಲೆ ಜೋರಾದಾಗ ಇಲ್ಲಿ ಆದ ಆ ಗಲಾಟೆಯ ನಂತರ ನೀನು ಈ ಕಟ್ಟಡಕ್ಕೆ ಕಾಲಿಡಕೂಡದು ಎಂದುಬಿಟ್ಟಿದ್ದಾರೆ, ಎಷ್ಟು ಅಲೆದರೂ ಅದು ಬದಲಾಗಲಿಲ್ಲ. ಆದ್ದರಿಂದಲೇ ನಮ್ಮ ಬೇತೆಸ್ದ ಸಂಸ್ಥೆಯವರು ಪೆಕನ್ ಬೀದಿಯ ಹಳೇ ಪಾದ್ರಿಯವರ ಮನೆಯನ್ನು ಆಸ್ಪತ್ರೆಯಿಂದ ಬರುವವರಿಗಾಗಿ ತೆರೆಯೋಣ ಎಂದಾಗಿನಿಂದ ನೀನೂ ನಾನೂ ಅದೊಂದನ್ನೇ ಕಾಯುತ್ತಿದ್ದೇವೆ. ನಿನ್ನೆ ಅದರ ತೀರ್ಮಾನದ ಸಭೆ ಇತ್ತು. ಈ ಸಲ ಬೇಡವೆಂದರೆ ಚರ್ಚಿನವರು ಆ ಮನೆಯನ್ನು ಬೇರೆಯವರಿಗೆ ಕೊಟ್ಟುಬಿಡುತ್ತಿದ್ದರು.

ಮನಸ್ಸಿನ ಕಾಯಿಲೆಯ ನಮ್ಮ ಕಪ್ಪು ಜನರಿಗೆಂದು ನಮ್ಮವರೇ ಕಟ್ಟಿದ ಸಂಸ್ಥೆ ಇದು. ಆಡಳಿತ ಮಂಡಳಿಯಲ್ಲಿ ಏಳು ಜನ. ಅಷ್ಟು ಓದಿದವರ ನಡುವೆ ಹಳ್ಳಿ ಶಾಲೆಯ ನನ್ನನ್ನು ಕೂರಿಸಿರುವುದು ನಾನು ನಿನ್ನ ತಾಯಿ ಎಂಬ ಕಾರಣಕ್ಕೆ, ಕಾಯಿಲೆಯವರ ಮನೆಯಿಂದ ಒಬ್ಬರು ಇರಲಿ ಎಂದು. ಎಂದಿನಂತೆ ಪ್ರಾರ್ಥನೆ ಆಯಿತು, ಕರಿದ ಮೀನು, ಸೊಪ್ಪು, ಗೆಣಸಿನ ಪೈ ಆಯಿತು. ತಟ್ಟೆ ಎತ್ತುವ ಮುಂಚೆಯೇ ಡೀಕನ್ ಹೋಸೆ ಟಾಲಿವರ್ ಶುರುಮಾಡಿದರು. "ಅಲ್ರಪ್ಪಾ, ನಮ್ಮಮ್ಮನ ಬೇಲಿಗೆ ಅಂಟಿಸ್ಕೊಂಡು ಹುಚ್ಚರ ಮನೆ ಮಾಡ್ತೀರಾ? ಆಕೆ ವಯಸ್ಸಾದೋಳು, ಹೆದರ್ಕೊಂಡ್ರೆ ಯಾರು ನೋಡೋರು?" ಹಿರಿಯಳಾದ ಮದರ್ ಐವರಿ ಮೀನಿನ ಮುಳ್ಳು ತೆಗೆಯುತ್ತಲೇ, "ನಿಮ್ಮಮ್ಮ ದಿನಾ ಬೆಳಿಗ್ಗೆ ಆ ಬೇಲಿ ಹತ್ರ ನಿಂತು ಸೈತಾನನಿಗೆ ಬೈಯ್ತಾಳೆ ಕಣೋ ಹೋಸೆ. ಹೆದರ್ಕೋಬೇಕಾದೋರು ಅಲ್ಲಿಗೆ ಬರೋ ಹುಡುಗ್ರು. ಬೇಕಾದ್ರೆ ಅವಳಿಗೂ ಒಂದು ಕೋಣೆ ಇಡೋಣ ಬಿಡು," ಎಂದಳು. ಡೀಕನ್ ಬಿಟ್ಟು ಎಲ್ಲರೂ ನಕ್ಕೆವು.

ಅವರೇನು ಸುಮ್ಮನಾಗುವವರೇ. "ನಮ್ಮೋರಿಗೆ ಬೇಕಾಗಿರೋದು ಪ್ರಾರ್ಥನೆ, ಚರ್ಚಿಗೆ ಕರ್ಕೊಂಬನ್ನಿ, ಸಾಕು," ಎಂದರು. ಆಗ ಮದರ್ ಐವರಿ ತಟ್ಟೆ ಪಕ್ಕಕ್ಕಿಟ್ಟಳು. "ಕರ್ಕೊಂಬಂದಿದ್ವಲ್ಲ, ಅರ್ಲೀನಳ ಮಗನ್ನ. ನಾಲ್ಕು ದಿನ ನಿದ್ದೆ ಇಲ್ದೆ ಆ ಹುಡುಗ ಬೆಂಚುಗಳ ಮಧ್ಯೆ ಓಡ್ತಿದ್ರೆ ನಾವೇನ್ ಮಾಡಿದ್ವಿ? ಪವಿತ್ರಾತ್ಮ ಇಳಿದಿದೆ ಅಂದ್ವಿ. ಡ್ರಮ್ ಜೋರು ಮಾಡಿದ್ರು. ಬಿಳಿ ಬಟ್ಟೆ ತೊಟ್ಟ ಚರ್ಚಿನ ಸಿಸ್ಟರ್‌ಗಳು ಬೀಸಣಿಗೆ ಬೀಸಿದ್ರು. ನಾನೂ ಚಪ್ಪಾಳೆ ಹೊಡೆದೆ. ಅವನು ಕಿಟಕಿ ಗಾಜಿಗೆ ಕೈ ಹಾಕಿ ರಕ್ತ ಸುರಿದ ಮೇಲೆ ತಾನೇ ನಮಗೆ ಗೊತ್ತಾಗಿದ್ದು. ನೀನೂ ಅಲ್ಲೇ ಇದ್ದೆ ಹೋಸೆ, ಹಲ್ಲೆಲೂಯಾ ಅಂತಿದ್ದೆ." ಇದನ್ನು ನಿನಗೆ ನೆನಪಿಸಬೇಕೆಂದು ಬರೆಯುತ್ತಿಲ್ಲ ಮಗನೇ. ಕಾಯಿಲೆಯನ್ನು ಪವಿತ್ರಾತ್ಮ ಎಂದುಕೊಳ್ಳುವ ತಪ್ಪು ನಮ್ಮಲ್ಲಿ ಬಿಟ್ಟರೆ ಇನ್ನೆಲ್ಲಿಯೂ ಆಗುತ್ತಿರಲಿಲ್ಲ. ಅದನ್ನು ಒಬ್ಬರಾದರೂ ಎದ್ದು ಹೇಳಿದರಲ್ಲ ಎಂದು ನಿನಗೆ ಗೊತ್ತಿರಲಿ ಅಂತ.

ಮಾತೆಲ್ಲ ಮುಗಿಯುವಾಗ ನನ್ನನ್ನು ಬಿಟ್ಟು ಮೂವರು ಮನೆ ಬೇಕೆನ್ನುವವರು, ಡೀಕನ್ ಮತ್ತು ಇನ್ನೊಬ್ಬರು ಬೇಡವೆನ್ನುವವರು. ಶವಸಂಸ್ಕಾರದ ಅಂಗಡಿಯ ಬ್ರದರ್ ಏಮಸ್ ಮಾತ್ರ ಬಾಯಿ ಬಿಡಲಿಲ್ಲ. ಅವರು ಯಾರ ಮನಸ್ಸನ್ನೂ ನೋಯಿಸುವವರಲ್ಲ, ಎರಡೂ ಕಡೆಯವರನ್ನು ಕೊನೆಗೆ ಹೂಳಬೇಕಾದವರು ಅವರೇ ತಾನೆ. ನಮ್ಮಲ್ಲಿ ಎರಡು ಕಡೆ ಸಮ ಬಂದರೆ ವಿಷಯ ಬಿದ್ದುಹೋಗುತ್ತದೆ. ಅಧ್ಯಕ್ಷೆ ಡಾಕ್ಟರ್ ರೆನೀ, ಈ ಮನೆಯಲ್ಲಿ ಜಾಗ ಬೇಕಾಗಿರುವ ಮಕ್ಕಳು ಮರಿ ಯಾರಿಗಾದರೂ ಇದ್ದರೆ ಅವರು ಮತ ಹಾಕುವ ಹಾಗಿಲ್ಲ, ಎದ್ದು ಹೊರಗೆ ಹೋಗಬೇಕು ಎಂದಳು. ನಾನು ಎದ್ದೆ. ಡೀಕನ್ ನಯವಾಗಿ, "ಹೋಗಿ ಸಿಸ್ಟರ್, ನಿಧಾನಕ್ಕೆ ಹೋಗಿ, ಮಂಡಿ ನೋವಲ್ವಾ. ಬಾಗಿಲು ಎಳ್ಕೊಂಡು ಹೋಗಿ," ಎಂದರು. ಬಾಗಿಲ ಬಳಿ ತಿರುಗಿ ನಾನು ಏಮಸ್‌ರ ಮುಖ ನೋಡಿದೆ. ಅವರು ಮೇಜು ನೋಡುತ್ತಿದ್ದರು. ಮುಂದಿನದನ್ನು ಕೆಳಗೆ ಬರೆಯುತ್ತೇನೆ. ಮನೆ ಪಾಸಾಯಿತು ಎಂಬುದನ್ನು ಮೊದಲು ತಿಳಿದುಕೋ. ಕ್ರಿಸ್‌ಮಸ್ಸಿಗೆ ಮುಂಚೆ ತೆರೆಯುತ್ತಾರೆ.

ಉಳಿದಂತೆ ಊರಿನಲ್ಲಿ ಹೇಳುವಂಥದ್ದು ಏನಿಲ್ಲ. ಚರ್ಚಿನ ಕಿಟಕಿಗೆ ಹೊಸ ಗಾಜು ಹಾಕಿದ್ದಾರೆ, ಬಣ್ಣ ಮಾತ್ರ ಹಳೆಯದಕ್ಕೆ ಹೊಂದಿಲ್ಲ. ಹಾಡುವವರ ಸಾಲಿನಲ್ಲಿ ನಿನ್ನ ಜಾಗಕ್ಕೆ ಒಬ್ಬ ಹುಡುಗನನ್ನು ನಿಲ್ಲಿಸಿದ್ದಾರೆ. ಪಾಪ, ಶ್ರುತಿ ಹಿಡಿಯುವುದೇ ಇಲ್ಲ.

ಕರ್ತನು ನಿನ್ನ ತಲೆದಿಂಬಿನ ಬಳಿ ಕೂತಿರಲಿ. ನಿನ್ನನ್ನು ನೋಡಿಕೊಳ್ಳುವ ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಅಮ್ಮ,
ಅರ್ಲೀನ್

ತಾ.ಕ.: ನಿನಗೆ ಯಾವ ಕೋಣೆ ಎಂದು ಕೇಳುತ್ತೀಯ, ಅದಕ್ಕೆ ಬೇಗ ಹೇಳಿಬಿಡುತ್ತೇನೆ. ನಾನು ಬಾಗಿಲಿನಿಂದ ಹಿಂದಕ್ಕೆ ಬಂದು ಕೂತೆ. ಏಮಸ್ ಬೇಡವೆಂದಿದ್ದರೆ ಸಮ ಬಂದು ಯಾರಿಗೂ ಮನೆ ಇರುತ್ತಿರಲಿಲ್ಲ, ನಾನು ಕೂತರೆ ನಮ್ಮ ಕಡೆ ನಾಲ್ಕಾಗಿ ಮನೆ ಉಳಿಯುತ್ತಿತ್ತು. ಕೂರಬೇಕಾದರೆ ನನ್ನ ಮಗ ಅಲ್ಲಿ ಜಾಗ ಕೇಳುವುದಿಲ್ಲ ಎಂದು ಎಲ್ಲರ ಮುಂದೆ ಹೇಳಬೇಕಿತ್ತು. ಹೇಳಿದೆ. ನಾನು ಮಂಡಳಿ ಬಿಟ್ಟರೂ ಎರಡು ವರ್ಷ ನಿನಗೆ ಅಲ್ಲಿ ಜಾಗ ಕೇಳುವ ಹಾಗಿಲ್ಲ. ಡಾಕ್ಟರ್ ರೆನೀ ಎರಡು ಸಲ ಕೇಳಿದಳು, ಎರಡು ಸಲವೂ ಹೇಳಿದೆ. ಆಮೇಲೆ ಕೈ ಎತ್ತಿದೆ. ನನ್ನ ಕೈ ನೋಡಿ ಏಮಸ್ ಕೂಡ ಎತ್ತಿದರು. ನಾನು ಹೊರಗೇ ಹೋಗಿದ್ದರೂ ಎತ್ತುತ್ತಿದ್ದರೇನೋ, ನಾನು ಅವರನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಬೇರೆ ಊರಲ್ಲಿ ನಿನಗೊಂದು ಜಾಗ ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ. ಮೊದಲ ಕೋಣೆ ನಿನ್ನ ಪಕ್ಕದ ಮಂಚದ ಡಾರ್ನೆಲ್‌ಗೆ. ನೀನು ಆಗಲೇ ಚೀಲಕ್ಕೆ ಬಟ್ಟೆ ಜೋಡಿಸಿಟ್ಟಿದ್ದೀಯೆಂದು ನರ್ಸಮ್ಮ ಫೋನಿನಲ್ಲಿ ಹೇಳಿದಳು. ತೆಗೆದುಬಿಡು ಮಗನೇ. ಆ ಹುಡುಗನಿಗೆ ಚೀಲವಿಲ್ಲವಂತೆ, ನಿನ್ನದನ್ನು ಕೊಡು. ಅವನಿಗೆ ಇದೊಂದೂ ಗೊತ್ತಿಲ್ಲ, ಹೇಳಬೇಡ.